ಎರಡನೇ ಶೆಡ್ಡಿನ ಎಂಟು ಮರಿ

ಬೆಳಕು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಎರಡನೇ ಶೆಡ್ಡಿನ ಬೀಗ ತೆಗೆದ ದೊಡ್ಡಕ್ಕ ದೀಪ ಹಾಕುವುದಿಲ್ಲ. ಗಂಬೂಟಿನ ಕಾಲನ್ನು ಔಷಧಿ ನೀರಿನ ತಟ್ಟೆಯಲ್ಲಿ ಅದ್ದಿ ಒಳಗೆ ಹೆಜ್ಜೆಯಿಡುತ್ತಾರೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಗೋಡೆಗೆ ಕೈಯಾನಿಸಿ ಸುಮ್ಮನೆ ನಿಲ್ಲುತ್ತಾರೆ. ನೂರಕ್ಕೂ ಹೆಚ್ಚು ತಾಯಿ ಮೊಲಗಳು ಅಲ್ಲಿವೆ ಎಂಬುದು ಮೊದಲು ಕಾಣುವುದಿಲ್ಲ, ಕೇಳಿಸುತ್ತದೆ. ತಂತಿಯ ಮೇಲೆ ಉಗುರು ತಾಗುವ ಸಣ್ಣ ಸದ್ದು, ನೀರಿನ ನಳಿಕೆಯನ್ನು ನಾಲಿಗೆ ತಟ್ಟುವ ಸದ್ದು. "ಬಂದೆ ಕಣ್ರಮ್ಮ, ಬಂದೆ. ನಿಮಗೇನು, ನಾನು ಲೇಟಾದ್ರೆ ನನ್ನ ಸಂಬಳ ಹೋಗುತ್ತೆ," ಎಂದು ಗೊಣಗುತ್ತಾ ಮೊದಲ ಸಾಲಿನಿಂದ ಶುರು ಮಾಡುತ್ತಾರೆ.

ಪ್ರತಿ ಗೂಡಿಗೂ ಒಂದು ಮರದ ಪೆಟ್ಟಿಗೆ ಅಂಟಿಕೊಂಡಿದೆ. ತಾಯಿ ತನ್ನ ಹೊಟ್ಟೆಯ ತುಪ್ಪಳವನ್ನೇ ಕಿತ್ತು ಹಾಸಿದ ಮೆತ್ತೆ ಅದರೊಳಗೆ. ಮೆತ್ತೆಯಡಿ ಮೈಮೇಲೆ ಕೂದಲಿಲ್ಲದ, ಕಣ್ಣು ತೆರೆಯದ ಮರಿಗಳು. ಪೆಟ್ಟಿಗೆಗೂ ಗೂಡಿಗೂ ನಡುವೆ ಇರುವ ತಗಡಿನ ಬಾಗಿಲನ್ನು ದೊಡ್ಡಕ್ಕ ಮೇಲಕ್ಕೆಳೆದರೆ ಸಾಕು, ತಾಯಿ ಒಂದೇ ನೆಗೆತಕ್ಕೆ ಒಳಗೆ. ಮೊಲ ದಿನಕ್ಕೆ ಒಂದೇ ಸಲ ಹಾಲು ಕೊಡುತ್ತದೆ, ಅದೂ ಒಂದು ಲೋಟ ಚಹಾ ಆರುವಷ್ಟು ಹೊತ್ತು. ಆಮೇಲೆ ಮರಿಗಳ ಕಡೆ ತಿರುಗಿಯೂ ನೋಡದೆ ಹೊರಗೆ ಹಾರಿ ಮೈ ನೆಕ್ಕಿಕೊಳ್ಳುತ್ತಾ ಕೂರುತ್ತದೆ.

"ಇವುಗಳನ್ನ ನೋಡಿ ಕಲೀಬೇಕು," ಎನ್ನುತ್ತಾರೆ ದೊಡ್ಡಕ್ಕ. "ಮಾಡೋ ಕೆಲಸ ಮಾಡಿ ಮುಗಿಸಿ ಎದ್ದು ಹೋಗ್ತಾವೆ. ನಾನು ಇಷ್ಟು ಮಾಡ್ದೆ, ಅಷ್ಟು ಮಾಡ್ದೆ ಅಂತ ಯಾರ ಮುಂದೆನೂ ಹೇಳ್ಕೊಳಲ್ಲ. ಇಷ್ಟು ವರ್ಷ ಇವುಗಳ ಜೊತೆಗಿದ್ದೂ ನಂಗೆ ಆ ಬುದ್ಧಿ ಬರ್ಲಿಲ್ಲ ನೋಡಿ."

ತಾಯಿ ಹೊರಗೆ ಬಂದ ಮೇಲೆ ಅವರು ಪೆಟ್ಟಿಗೆಯೊಳಗೆ ಕೈ ಹಾಕಿ ಒಂದೊಂದೇ ಮರಿಯನ್ನು ಎತ್ತಿ ನೋಡುತ್ತಾರೆ. ಹೊಟ್ಟೆ ತುಂಬಿದ ಮರಿಯ ಚರ್ಮ ಎಷ್ಟು ತೆಳುವೆಂದರೆ, ಒಳಗಿನ ಹಾಲು ಬೆಳ್ಳಗೆ ಹೊರಗೆ ಕಾಣುತ್ತದೆ. ಹಸಿದ ಮರಿಯ ಚರ್ಮ ಒಗೆದು ಹಿಂಡಿದ ಬಟ್ಟೆಯಂತೆ ಸುಕ್ಕು. ಈ ಪೆಟ್ಟಿಗೆಯಲ್ಲಿ ಎಂಟು. ಮುಂದಿನದರಲ್ಲಿ ಎಂಟು. ಅದರಾಚೆ ಒಂಬತ್ತು. ಮತ್ತೆ ಎಂಟು. ಸಾಲು ಮುಗಿಯುವ ಹೊತ್ತಿಗೆ ಎಣಿಸುವವರಿಗೇ ಆಕಳಿಕೆ ಬರಬೇಕು, ಅಷ್ಟು ಒಂದೇ ಸಮ.

ಅಂಗಳದಾಚೆ ಮೊದಲನೇ ಶೆಡ್ಡಿನ ದೀಪ ಹತ್ತುತ್ತದೆ. ದೊಡ್ಡಕ್ಕ ಆ ಕಡೆ ನೋಡುವುದಿಲ್ಲ. ನೋಡುತ್ತಿಲ್ಲ ಎಂಬುದು ಎದುರಿಗಿದ್ದವರಿಗೆ ಚೆನ್ನಾಗಿ ಗೊತ್ತಾಗುವ ಹಾಗೆ ನೋಡುವುದಿಲ್ಲ.

ಮೊದಲೇ ಹೇಳಿಬಿಡಬೇಕು, ಈ ಮೊಲ ಸಾಕಣೆ ಕೇಂದ್ರದ ಅತಿ ಹಳೆಯ ಕೆಲಸಗಾರ್ತಿ ಹೊಟ್ಟೆಕಿಚ್ಚಿನ ಮನುಷ್ಯೆ. ಇದು ಯಾರೋ ಬೆನ್ನ ಹಿಂದೆ ಹೊರಿಸಿದ ಮಾತಲ್ಲ, ಮೊದಲ ಭೇಟಿಯಲ್ಲೇ ಅವರ ಬಾಯಿಂದ ಬಂದದ್ದು. "ಬೇರೆಯವರಿಗೆ ಬಿ.ಪಿ. ಇರುತ್ತೆ, ಶುಗರ್ ಇರುತ್ತೆ. ನಂಗೆ ಹೊಟ್ಟೆಕಿಚ್ಚು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ವಲ್ಪ ಜಾಸ್ತಿ." ಯಾರ ಮೇಲೆ ಎಂದು ಕೇಳಬೇಕಾಗಿಲ್ಲ. ಮೊದಲನೇ ಶೆಡ್ಡಿನಲ್ಲಿ ದೀಪ ಹಾಕಿದವಳು ಅವರ ಒಡಹುಟ್ಟಿದ ತಂಗಿ. ನಲವತ್ತು ದಾಟಿದರೂ ಅಕ್ಕನ ಬಾಯಲ್ಲಿ ಪುಟ್ಟಿ, ಹಾಗಾಗಿ ಕೇಂದ್ರದವರಿಗೆಲ್ಲ ಪುಟ್ಟಿ. ಈ ಬರಹದಲ್ಲೂ ಅವಳು ಏಕವಚನದಲ್ಲೇ ಬರುತ್ತಾಳೆ. ಬಹುವಚನ ಹಚ್ಚಿದರೆ ಅವಳೇ ನಕ್ಕುಬಿಡುತ್ತಾಳೆ.

ದೊಡ್ಡಕ್ಕ ಇಲ್ಲಿಗೆ ಬಂದದ್ದು ಹಿಕ್ಕೆ ಬಳಿಯುವ ಕೆಲಸಕ್ಕೆ. ಆಗ ಇದ್ದದ್ದು ಒಂದೇ ಶೆಡ್ಡು. ಗೂಡುಗಳ ಕೆಳಗಿನ ತಟ್ಟೆ ಎಳೆದು, ಕೆರೆದು, ತೊಳೆದು ಮತ್ತೆ ತಳ್ಳುವುದು ದಿನವಿಡೀ ಕೆಲಸ. ಮೂತ್ರದ ಘಾಟು ಕಣ್ಣಿಗೂ ಮೂಗಿಗೂ ಹೊಕ್ಕು, ಮೊದಲ ಚಳಿಗಾಲ ಪೂರ್ತಿ ಕೆಮ್ಮಿದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ, "ನನ್ನ ಮೈ ಗ್ರೀಸು ನಾರುತ್ತೆ, ನಿನ್ನ ಮೈ ಮೊಲ ನಾರುತ್ತೆ, ನಮ್ಮಿಬ್ರನ್ನ ಮನೆಗೆ ಕರೆಯೋರು ಯಾರೂ ಉಳಿಯಲ್ಲ," ಎಂದು ನಗುತ್ತಿದ್ದರಂತೆ. ಆಮೇಲೆ ಮೊಲ ಹಿಡಿಯುವುದನ್ನು ಕಲಿತರು. ಕಿವಿ ಹಿಡಿದು ಎತ್ತಬಾರದು. ಒಂದು ಕೈ ಕತ್ತಿನ ಸಡಿಲ ಚರ್ಮಕ್ಕೆ, ಇನ್ನೊಂದು ಹಿಂಭಾಗದ ಕೆಳಗೆ. ಸ್ವಲ್ಪ ಸಡಿಲ ಬಿಟ್ಟರೆ ಹಿಂಗಾಲಿನಿಂದ ಒದ್ದು ಚರ್ಮ ಸೀಳುತ್ತದೆ. ಅವರ ಎರಡೂ ಮುಂಗೈ ಮೇಲೆ ಹಳೆಯ ಗೀರುಗಳು ಒಂದರ ಮೇಲೊಂದು ಬಿದ್ದು, ತರಕಾರಿ ಹೆಚ್ಚುವ ಮಣೆಯಂತಾಗಿವೆ.

ಸಿದ್ಧ ಉಡುಪಿನ ಕಾರ್ಖಾನೆ ಮುಚ್ಚಿ ಪುಟ್ಟಿ ಮನೆಯಲ್ಲಿ ಕೂತಾಗ, ಮ್ಯಾನೇಜರರ ಮುಂದೆ ನಿಂತು "ನನ್ನ ತಂಗಿ ಸಾರ್, ಕೈ ಚುರುಕು," ಎಂದು ಕೆಲಸ ಕೊಡಿಸಿದ್ದು ದೊಡ್ಡಕ್ಕ. ಹಿಡಿಯುವುದು ಕಲಿಸಿದ್ದೂ ದೊಡ್ಡಕ್ಕ. ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕೇ ಹೊರತು ಗಂಡನ್ನು ಹೆಣ್ಣಿನ ಗೂಡಿಗೆ ಬಿಟ್ಟರೆ ಅದು ಕಚ್ಚಿ ಓಡಿಸುತ್ತದೆ ಎಂದು ಹೇಳಿಕೊಟ್ಟಾಗ ಪುಟ್ಟಿ, "ನಮ್ಮ ಭಾವನ್ನ ನೀನು ಕಚ್ಚಲ್ವಲ್ಲಕ್ಕ?" ಎಂದು ಕೇಳಿ ಶೆಡ್ಡನ್ನೆಲ್ಲ ನಗಿಸಿದ್ದಳು. ಒಂದೇ ಮನೆಯ ಮೇಲೆ ಕೆಳಗೆ ಇಬ್ಬರ ಸಂಸಾರ. ಮುಂಜಾನೆ ಒಂದೇ ಟಾರ್ಚಿನ ಬೆಳಕಲ್ಲಿ ಇಬ್ಬರೂ ಕೆಲಸಕ್ಕೆ ನಡೆದು ಬರುತ್ತಿದ್ದರು.

ಡಾಕ್ಟರಮ್ಮ ಬಂದ ಮೇಲೆ ಎಲ್ಲ ತಲೆಕೆಳಗಾಯಿತು. ಡಾಕ್ಟರಮ್ಮ ಎಂದರೆ ಸೂಜಿ ಚುಚ್ಚುವವರಲ್ಲ. ಪ್ರಾಣಿಗಳ ತಳಿ ಶಾಸ್ತ್ರ ಓದಿದವರು, ಯಾವ ಗುಣ ತಾಯಿಯಿಂದ ಮಗಳಿಗೆ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕುವವರು. ಅವರು ಇದ್ದ ಮೊಲಗಳನ್ನು ಎರಡು ಪಾಲು ಮಾಡಿಸಿದರು. ಒಂದೇ ಥರದ ಎರಡು ಶೆಡ್ಡು, ಒಂದೇ ಮೇವು, ಒಂದೇ ನೀರು. ಮೊದಲನೇ ಶೆಡ್ಡಿನಲ್ಲಿ ಹೆಚ್ಚು ಮರಿ ಹಾಕುವ ತಾಯಂದಿರ ಮಕ್ಕಳನ್ನೇ ಮುಂದಿನ ತಲೆಮಾರಿಗೆ ಆರಿಸಬೇಕು. ಎರಡನೇ ಶೆಡ್ಡಿನಲ್ಲಿ ಮರಿ ಎಷ್ಟಾದರೂ ಇರಲಿ, ಪ್ರತಿ ಸಲವೂ ಹೆಚ್ಚು ಕಡಿಮೆ ಅಷ್ಟೇ ಹಾಕುವ ತಾಯಂದಿರ ಮಕ್ಕಳನ್ನು ಆರಿಸಬೇಕು.

ಹೊಸ ಶೆಡ್ಡುಗಳ ಉಸ್ತುವಾರಿ ಹಂಚುವಾಗ ದೊಡ್ಡಕ್ಕನಿಗೆ ಮೊದಲನೆಯದು ಎಂದು ಎಲ್ಲರೂ ಅಂದುಕೊಂಡಿದ್ದರು. ಮ್ಯಾನೇಜರರು ಪುಟ್ಟಿಯನ್ನು ಅಲ್ಲಿಗೆ ಹಾಕಿದರು. ಕಾರಣ ಇಷ್ಟೇ, ಆ ಶೆಡ್ಡು ಆಫೀಸಿನ ಕಿಟಕಿಗೆ ಎದುರು. ಹೊಸಬಳು ಕಣ್ಣಳತೆಯಲ್ಲಿರಲಿ, ಹಳಬರನ್ನು ಕಾಯಬೇಕಾಗಿಲ್ಲ ಎಂಬ ಲೆಕ್ಕ. ದೊಡ್ಡಕ್ಕನ ಮೇಲಿನ ನಂಬಿಕೆಯೇ ದೊಡ್ಡಕ್ಕನಿಗೆ ಮುಳುವಾಯಿತು.

"ಮೊದಲ ವರ್ಷ ನಂಗೇನೂ ಅನ್ನಿಸ್ಲಿಲ್ಲ," ಎನ್ನುತ್ತಾರೆ. "ಸುಳ್ಳು. ಅನ್ನಿಸ್ತು. ಆದ್ರೆ ತಡ್ಕೊಳೋ ಅಷ್ಟಿತ್ತು."

ತಡೆದುಕೊಳ್ಳಲಾರದಂತೆ ಆಗಿದ್ದು ಮೊದಲನೇ ಶೆಡ್ಡಿನ ಮೊಲವೊಂದು ಹದಿನಾಲ್ಕು ಮರಿ ಹಾಕಿದ ದಿನ. ಮೊಲಕ್ಕೆ ಇರುವುದೇ ಎಂಟೋ ಹತ್ತೋ ಮೊಲೆ. ಹದಿನಾಲ್ಕನ್ನು ಹೇಗೆ ಸಾಕುತ್ತದೋ ಎಂದು ಯಾರೂ ಕೇಳಲಿಲ್ಲ. ಪುಟ್ಟಿಯ ಕೈಗೆ ಆ ಮರಿಗಳ ಬುಟ್ಟಿ ಕೊಟ್ಟು ಫೋಟೋ ತೆಗೆದರು. ಆಫೀಸಿನ ಗೋಡೆಗೆ ತೂಗುಹಾಕಿದರು. ಅಂದಿನಿಂದ ಹೊರಗಿನಿಂದ ಯಾರು ನೋಡಲು ಬಂದರೂ ಗೇಟಿನಿಂದ ನೇರ ಮೊದಲನೇ ಶೆಡ್ಡಿಗೆ. ಒಮ್ಮೆ ಬಂದವರಲ್ಲೊಬ್ಬರು ಎರಡನೇ ಶೆಡ್ಡಿನತ್ತ ಕೈ ತೋರಿಸಿ ಅದೇನು ಎಂದು ಕೇಳಿದಾಗ, ಕರೆತಂದಿದ್ದ ಗುಮಾಸ್ತ, "ಅಲ್ಲೇನಿಲ್ಲ ಬನ್ನಿ, ಅಲ್ಲೂ ಮೊಲಾನೇ," ಎಂದುಬಿಟ್ಟ. ದೊಡ್ಡಕ್ಕ ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಮೇವಿನ ಬಕೆಟ್ಟು. "ಆ ಬಕೆಟ್ ಎತ್ತಿ ಅವನ ತಲೆ ಮೇಲೆ ಸುರಿಬೇಕು ಅನ್ನಿಸ್ತು. ಸುರೀಲಿಲ್ಲ. ಮೇವು ದಂಡ ಆಗುತ್ತಲ್ಲ."

ಅಂದಿನಿಂದ ಅವರು ಮುಂಜಾನೆ ಪುಟ್ಟಿಗೆ ಕಾಯದೆ ಹೊರಡತೊಡಗಿದರು. ಮಹಡಿಯ ಮೇಲೆ ಚಿಲಕ ತೆಗೆಯುವ ಸದ್ದಾಗುವ ಮೊದಲೇ ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಗೇಟು ದಾಟಿ, ರಸ್ತೆಗೆ ಬಂದ ಮೇಲೆ ಕಾಲಿಗೆ ಹಾಕಿಕೊಳ್ಳುತ್ತಿದ್ದರು. ಪುಟ್ಟಿ ಒಂದು ದಿನವೂ ಯಾಕೆಂದು ಕೇಳಲಿಲ್ಲ. ಟಾರ್ಚನ್ನು ಅಕ್ಕನ ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ತಾನು ಕತ್ತಲಲ್ಲೇ ಬರತೊಡಗಿದಳು. "ಅದಕ್ಕೂ ಹೊಟ್ಟೆ ಉರೀತು ನಂಗೆ," ಎನ್ನುತ್ತಾರೆ ದೊಡ್ಡಕ್ಕ. "ನಾನು ಮುನಿಸ್ಕೊಂಡ್ರೆ ಅವಳು ಒಳ್ಳೆಯವಳಾಗ್ತಾಳೆ. ಮುನಿಸ್ಕೊಳೋದಕ್ಕೂ ಒಂದು ಮರ್ಯಾದೆ ಬೇಡ್ವಾ?"

ತನ್ನ ಶೆಡ್ಡಿನ ಆಯ್ಕೆಯ ನಿಯಮ ಬದಲಿಸಿ ಎಂದು ಕೇಳಲು ಡಾಕ್ಟರಮ್ಮನ ಬಳಿ ಹೋದದ್ದು ಆ ದಿನಗಳಲ್ಲಿ. ಅವರ ಮೊಲವೊಂದು ಆ ವಾರ ಹದಿಮೂರು ಮರಿ ಹಾಕಿತ್ತು. ಆ ಹದಿಮೂರನ್ನು ಬುಟ್ಟಿಯಲ್ಲಿಟ್ಟುಕೊಂಡೇ ಹೋಗಿದ್ದರು.

"ಇದರ ಹೆಣ್ಣುಮರಿಗಳನ್ನ ನಮ್ಮ ಶೆಡ್ಡಿಗೇ ಇಟ್ಕೋಳೋಣ ಮೇಡಂ. ನನ್ನ ಕೈಯಲ್ಲೂ ಆಗುತ್ತೆ."

"ಹಿಂದಿನ ಸಲ ಇದು ಎಷ್ಟು ಹಾಕಿತ್ತು ದೊಡ್ಡಕ್ಕ?"

"ಐದು."

"ಅದರ ಹಿಂದೆ?"

"ಹನ್ನೊಂದು. ಅದರ ಹಿಂದೆ ನಾಲ್ಕು."

ಡಾಕ್ಟರಮ್ಮ ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಎದುರಿನ ಕುರ್ಚಿ ಎಳೆದು ಅವರನ್ನು ಕೂರಿಸಿದರು. "ಒಂದು ಸಲ ನಾಲ್ಕು, ಇನ್ನೊಂದು ಸಲ ಹನ್ನೊಂದು ಅಂದ್ರೆ ಹೊರಗೆ ಏನಾದ್ರೂ ಇದರ ಮೈ ಅಲ್ಲಾಡುತ್ತೆ ಅಂತ ಅರ್ಥ. ಸೆಖೆಯಾದ್ರೆ ಅಲ್ಲಾಡುತ್ತೆ, ಮೇವು ಬದಲಾದ್ರೆ ಅಲ್ಲಾಡುತ್ತೆ, ಪಕ್ಕದಲ್ಲಿ ಲಾರಿ ಹೋದ್ರೂ ಅಲ್ಲಾಡುತ್ತೆ. ಯಾವಾಗ್ಲೂ ಎಂಟೇ ಹಾಕೋದು ಇದೆಯಲ್ಲ, ಅದಕ್ಕೂ ಸೆಖೆ ಆಗುತ್ತೆ, ಆದ್ರೆ ಬೇಗ ಸರಿಹೋಗುತ್ತೆ. ಆ ಗಟ್ಟಿತನ ತಾಯಿಂದ ಮಗಳಿಗೆ ಒಂಚೂರು ಮಾತ್ರ ಇಳಿದು ಬರೋದು. ಒಂಚೂರನ್ನೇ ತಲೆಮಾರಿಂದ ತಲೆಮಾರಿಗೆ ಕೂಡಿಸ್ತಾ ಹೋಗ್ಬೇಕು. ಒಂದು ಸಲ ಆಸೆಪಟ್ಟು ಇಂಥದ್ದನ್ನ ಒಳಗೆ ಬಿಟ್ರೆ ಕೂಡಿಸಿದ್ದೆಲ್ಲ ಸೋರಿಹೋಗುತ್ತೆ."

"ಎಂಟು ಹಾಕಿದ್ರೆ ಯಾರು ಮೇಡಂ ನೋಡೋಕೆ ಬರ್ತಾರೆ?" ಎಂದು ಕೇಳಿದರು ದೊಡ್ಡಕ್ಕ.

"ಯಾರೂ ಬರಲ್ಲ," ಎಂದು ಡಾಕ್ಟರಮ್ಮ ಒಪ್ಪಿಕೊಂಡರು. ಹದಿಮೂರು ಮರಿಗಳೂ ದೊಡ್ಡವಾದ ಮೇಲೆ ಮಾರಾಟಕ್ಕೆ ಹೋದವು. ಅವುಗಳ ತಾಯಿಯೂ ಹೋಯಿತು. ದೊಡ್ಡಕ್ಕ ಆ ದಿನ ಊಟ ಮಾಡದೆ ಗೂಡುಗಳ ತಟ್ಟೆ ತೊಳೆದರು.

ಡಾಕ್ಟರಮ್ಮನ ಮಾತನ್ನು ಆಗ ಅವರು ನಂಬಿರಲಿಲ್ಲ. ಓದಿದವರು ಸಮಾಧಾನಕ್ಕೆ ಹೇಳುವ ಮಾತು ಎಂದುಕೊಂಡಿದ್ದರು. ನಂಬದೆಯೂ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರು ಎಂಬುದು ಬೇರೆ ವಿಷಯ. ಪ್ರತಿ ಮೊಲದ ಕಿವಿಯೊಳಗೆ ಹಚ್ಚೆಯ ಅಂಕಿ. ಯಾವುದು ಯಾರ ಮಗಳು, ಯಾರ ಮೊಮ್ಮಗಳು ಎಂಬುದು ಅವರಿಗೆ ಬಾಯಿಪಾಠ. ಗಂಡು ಮೊಲಗಳ ವಿಷಯದಲ್ಲಿ ಇನ್ನೂ ಹುಷಾರು ಬೇಕು. ಗಂಡು ಮರಿ ಹಾಕುವುದಿಲ್ಲವಲ್ಲ, ಹಾಗಾಗಿ ಅದರ ತಾಯಿ ಎಷ್ಟು ಸಮವಾಗಿ ಹಾಕಿದಳು ಎಂದು ನೋಡಿಯೇ ಮಗನನ್ನು ಆರಿಸಬೇಕು. ಆರಿಸಿದ ಮೇಲೆ ಸೋದರಿಯರ, ಚಿಕ್ಕಮ್ಮನ ಮಕ್ಕಳ ಹತ್ತಿರ ಸುಳಿಯದಂತೆ ಬೇರೆ ಕುಟುಂಬದ ಸಾಲಿಗೆ ಕಳಿಸಬೇಕು. "ನನ್ನ ಮಗಳಿಗೆ ಗಂಡು ನೋಡೋವಾಗ್ಲೂ ಇಷ್ಟು ವಿಚಾರಿಸಿರ್ಲಿಲ್ಲ," ಎಂದು ನಗುತ್ತಾರೆ. ಹೀಗೆ ಹತ್ತು ತಲೆಮಾರು. ಪ್ರತಿ ದಿನ ಬೆಳಿಗ್ಗೆ ಪೆಟ್ಟಿಗೆಗಳ ಬಾಗಿಲು, ಆಮೇಲೆ ಐದಾರು ಚೀಲ ಮೇವು, ನೂರಾರು ನೀರಿನ ನಳಿಕೆ, ಮಧ್ಯಾಹ್ನ ತೂಕ, ಸಂಜೆ ತಟ್ಟೆಗಳು. ಇಷ್ಟರ ನಡುವೆ ಅಂಗಳದಾಚೆ ಕಾರು ಬಂದು ನಿಂತ ಸದ್ದಾದರೆ, ಬಂದವರು ಮೊದಲನೇ ಶೆಡ್ಡಿನಲ್ಲಿ ಎಷ್ಟು ಹೊತ್ತು ಇದ್ದರು ಎಂದು ಲೆಕ್ಕ ಹಾಕುವ ಕೆಲಸ ಬೇರೆ.

ಹೋದ ಬೇಸಿಗೆಯಲ್ಲಿ ಕೇಂದ್ರಕ್ಕೆ ವಿದ್ಯುತ್ ಕೊಡುವ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಹೊಸದು ಬರುವವರೆಗೆ ಫ್ಯಾನುಗಳು ನಿಂತವು, ಗೋಡೆಯ ತಂಪು ಪರದೆಗೆ ನೀರು ಹರಿಸುವ ಪಂಪೂ ನಿಂತಿತು. ಮೊಲಕ್ಕೆ ಬೆವರಲು ಬರುವುದಿಲ್ಲ. ಸೆಖೆ ಕಳೆದುಕೊಳ್ಳಲು ಅದಕ್ಕಿರುವುದು ಆ ಎರಡು ಕಿವಿ ಮತ್ತು ಏದುಸಿರು. ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಿದರು, ಚಾವಣಿಯ ತಗಡಿನ ಮೇಲೆ ನೀರು ಸುರಿದರು, ನೀರಿನಲ್ಲಿ ಉಪ್ಪು ಸಕ್ಕರೆ ಬೆರೆಸಿದರು. ಎರಡೂ ಶೆಡ್ಡಿನಲ್ಲಿ ಒಂದೇ ಬೇಗೆ, ಒಂದೇ ಉಪಚಾರ.

ಎರಡನೇ ಶೆಡ್ಡಿನ ಮೊಲಗಳು ಕಾಲು ಚಾಚಿ ಚಪ್ಪಟೆ ಮಲಗಿದವು. ಮೇವು ಅರ್ಧಕ್ಕೆ ಇಳಿಸಿದವು. ಒಂದೆರಡು ಸತ್ತವು. ಆದರೆ ಮುಂಜಾನೆ ದೊಡ್ಡಕ್ಕ ತಗಡಿನ ಬಾಗಿಲು ಎಳೆದರೆ ಎದ್ದು, ಭಾರವಾಗಿಯೇ ಒಳಗೆ ನೆಗೆದು, ಹಾಲು ಕೊಟ್ಟು ಬಂದು ಮತ್ತೆ ಚಪ್ಪಟೆಯಾದವು. ಅಂಗಳದಾಚೆ ಹಾಗಾಗಲಿಲ್ಲ. ಎರಡನೇ ದಿನಕ್ಕೆ ಅಲ್ಲಿನ ತಾಯಂದಿರು ಮೇವು ಮುಟ್ಟುವುದನ್ನೇ ಬಿಟ್ಟವು. ಭೇದಿ ಶುರುವಾಯಿತು. ದೊಡ್ಡ ಹೊಟ್ಟೆ ಹೊತ್ತ ಗಬ್ಬದ ಮೊಲಗಳು ಮೊದಲು ಹೋದವು, ಆಮೇಲೆ ಹಾಲೂಡುತ್ತಿದ್ದವು. ಸತ್ತವನ್ನು ತಳ್ಳುಗಾಡಿಯಲ್ಲಿ ಹಾಕಿ, ಮೇಲೆ ಚೀಲ ಮುಚ್ಚಿ, ಹಿಂದಿನ ಗೇಟಿನಿಂದ ಒಯ್ಯುತ್ತಿದ್ದರು.

ದೊಡ್ಡಕ್ಕ ಅದನ್ನು ನೋಡುತ್ತಾ ನಿಂತರು. ಆಗ ತನಗೆ ಏನನ್ನಿಸಿತು ಎಂದು ಅವರು ಮುಚ್ಚಿಡುವುದಿಲ್ಲ. "ಮೊದಲನೇ ಗಾಡಿ ಹೋದಾಗ ಎದೆಯೊಳಗೆ ತಣ್ಣಗಾಯ್ತು. ನಿಜ ಹೇಳ್ತೀನಿ. ಇಷ್ಟು ವರ್ಷದಲ್ಲಿ ಮೊದಲನೇ ಸಲ ಆ ಶೆಡ್ಡಿನ ಕಡೆ ನೆಟ್ಟಗೆ ನೋಡ್ದೆ. ಎರಡನೇ ಗಾಡಿ ಹೋದಾಗ್ಲೂ ನೋಡ್ದೆ. ಮೂರನೇದಕ್ಕೆ ನೋಡೋಕಾಗ್ಲಿಲ್ಲ."

ಡಾಕ್ಟರಮ್ಮ ಸತ್ತ ಮೊಲಗಳನ್ನು ಪಶುವೈದ್ಯರಿಂದ ಕೊಯ್ಸಿ ಪರೀಕ್ಷೆ ಮಾಡಿಸಿದರು. ಸೋಂಕಿರಲಿಲ್ಲ. ಸೆಖೆಗೆ ಮೇವು ಬಿಟ್ಟು, ಕರುಳು ಕೆಟ್ಟು ಸತ್ತವು. ಈಗ ಉಳಿದದ್ದು ಮರಿಗಳ ಪ್ರಶ್ನೆ. ತಾಯಿ ಸತ್ತಂಥವು, ತಾಯಿಯ ಹಾಲು ಬತ್ತಿದಂಥವು, ಎಲ್ಲ ಸೇರಿ ಮೊದಲನೇ ಶೆಡ್ಡಿನಲ್ಲಿ ನೂರರ ಹತ್ತಿರ ಮರಿಗಳು ಹಸಿದು ಬಿದ್ದಿದ್ದವು. ಬಾಟಲಿಯಲ್ಲಿ ಕುಡಿಸಿದರೆ ನೂರಕ್ಕೆ ನಾಲ್ಕು ಉಳಿಯಬಹುದು. ಅವನ್ನು ಉಳಿಸಬಲ್ಲ ಹಾಲು ಇದ್ದದ್ದು ಒಂದೇ ಕಡೆ.

"ಬೇಡ ಅಂದ್ರೆ ತಪ್ಪಿಲ್ಲ ದೊಡ್ಡಕ್ಕ," ಎಂದರು ಡಾಕ್ಟರಮ್ಮ. "ಈ ಸೆಖೆಯಲ್ಲಿ ಒಂದೊಂದು ತಾಯಿಗೆ ಇನ್ನೂ ಎರಡು ಮೂರು ಮರಿ ಹೊರಿಸಿದ್ರೆ ಅವೂ ಮಲಗಬಹುದು. ಹತ್ತು ತಲೆಮಾರಿನ ಕೆಲಸ ಹೋಗುತ್ತೆ. ನಾನು ಹೇಳಿ ಮಾಡಿಸಲ್ಲ. ನಿಮ್ಮ ಮೊಲಗಳ ತ್ರಾಣ ನಿಮಗೇ ಗೊತ್ತು."

ದೊಡ್ಡಕ್ಕ ಶೆಡ್ಡಿಗೆ ಬಂದು ಮೇವಿನ ಚೀಲದ ಮೇಲೆ ಕೂತರು. ಬೇಡ ಎನ್ನಲು ಡಾಕ್ಟರಮ್ಮನೇ ಕಾರಣ ಕೊಟ್ಟಿದ್ದರು. ಅದು ನ್ಯಾಯವಾದ ಕಾರಣ, ಯಾರೂ ಬೆರಳು ತೋರಿಸುವಂತಿರಲಿಲ್ಲ. "ಅದೇ ತೊಂದರೆ ಆಗಿದ್ದು. ಬೇಡ ಅಂತಿರೋದು ನನ್ನ ಮೊಲಗಳಿಗೋಸ್ಕರಾನಾ, ಹೊಟ್ಟೆಕಿಚ್ಚಿಗಾ, ನಂಗೇ ಗೊತ್ತಾಗ್ಲಿಲ್ಲ. ಎರಡೂ ಒಂದೇ ಮಾತು ಹೇಳ್ತಿದ್ವು."

ಆಗ ಬಾಗಿಲ ಬೆಳಕಿಗೆ ನೆರಳು ಬಿತ್ತು. ಪುಟ್ಟಿ ಹೊಸ್ತಿಲಾಚೆಯೇ ನಿಂತಿದ್ದಳು. ನಿಲುವಂಗಿಯ ಮೇಲೆಲ್ಲ ಕೊಳೆ. ತಲೆಗೂದಲಿಗೆ ತುಪ್ಪಳ ಅಂಟಿತ್ತು.

"ಅಕ್ಕ, ನಿನ್ನ ತಾಯಂದಿರನ್ನ ಒಂದಿಷ್ಟು ಆ ಕಡೆ ಕೊಡ್ತೀಯಾ?"

"ಕೊಡಲ್ಲ," ಎಂದರು ದೊಡ್ಡಕ್ಕ.

ಪುಟ್ಟಿ ತಲೆಯಾಡಿಸಿ ತಿರುಗಿದಳು. ಒಂದು ಮಾತು ಎದುರಾಡಲಿಲ್ಲ. ಎದುರಾಡಿದ್ದರೆ ಏನಾಗುತ್ತಿತ್ತೋ ಎಂದು ದೊಡ್ಡಕ್ಕ ಈಗಲೂ ಯೋಚಿಸುತ್ತಾರೆ. ಅವಳು ತಿರುಗಿದಾಗ ಕತ್ತಿನ ಹಿಂದೆ ಬೆವರುಸಾಲೆ ಕೆಂಪಗೆ ಎದ್ದಿದ್ದು ಕಂಡಿತು. ಚಿಕ್ಕವಳಿದ್ದಾಗಲೂ ಬೇಸಿಗೆಗೆ ಅಲ್ಲೇ ಏಳುತ್ತಿತ್ತು. ಅಮ್ಮ ಕೆಲಸಕ್ಕೆ ಹೋದರೆ ಒದ್ದೆ ಬಟ್ಟೆ ಒತ್ತುತ್ತಾ ಕೂರುತ್ತಿದ್ದದ್ದು ದೊಡ್ಡಕ್ಕ.

"ಎಲ್ಲಿಗೆ ಹೋಗ್ತೀಯಾ ನಿಲ್ಲು," ಎಂದರು. "ಜಾಗ ಬದಲಾಯಿಸಿದ್ರೆ ನನ್ನವು ಹೆದರ್ಕೋತಾವೆ. ಅವನ್ನ ಕೊಡಲ್ಲ. ನಿನ್ನ ಮರಿಗಳನ್ನೇ ಇಲ್ಲಿಗೆ ತಗೊಂಡ್ ಬಾ. ಬುಟ್ಟಿಗೆ ಒದ್ದೆ ಬಟ್ಟೆ ಹಾಕ್ಬೇಡ, ಶೀತ ಆಗುತ್ತೆ. ಕಾಲು ಔಷಧಿ ನೀರಲ್ಲಿ ಅದ್ದಿ ಒಳಗೆ ಬಾ."

ಆ ಮಧ್ಯಾಹ್ನ ಅಕ್ಕತಂಗಿಯರಿಬ್ಬರೂ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋದರು. ಎಂಟಿದ್ದ ಕಡೆ ಎರಡು, ಏಳಿದ್ದ ಕಡೆ ಮೂರು. ಮೊಲ ಮರಿಯನ್ನು ಗುರುತಿಸುವುದು ವಾಸನೆಯಿಂದ. ದೊಡ್ಡಕ್ಕ ಆಯಾ ಪೆಟ್ಟಿಗೆಯ ತುಪ್ಪಳವನ್ನು ಚಿಟಿಕೆಯಷ್ಟು ತೆಗೆದು ಹೊಸ ಮರಿಯ ಮೈಗೆ ಉಜ್ಜಿ, ಹಳೆಯ ಮರಿಗಳ ನಡುವೆ ಹುದುಗಿಸಿ ಮುಚ್ಚುತ್ತಿದ್ದರು. ಬೆಳಗಾಗುವುದರೊಳಗೆ ಮರಿಗಳ ವಾಸನೆ ಒಂದಾಗಬೇಕು. ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ದೊಡ್ಡಕ್ಕ, "ಎಷ್ಟು ಚಿಕ್ಕದು. ನನ್ನವು ಇದರ ಒಂದೂವರೆ ಪಟ್ಟು ಇರ್ತಾವೆ," ಎಂದರು. ಅಷ್ಟು ಸಂಕಟದಲ್ಲೂ ಆ ಮಾತು ತಡೆಯಲಾಗಲಿಲ್ಲ. "ಹದಿನಾಲ್ಕು ಒಂದೇ ಹೊಟ್ಟೆಯಲ್ಲಿ ಇದ್ದಿದ್ದು ಅಕ್ಕ, ಜಾಗ ಎಲ್ಲಿರುತ್ತೆ," ಎಂದಳು ಪುಟ್ಟಿ.

ಮರುದಿನ ಮುಂಜಾನೆ ದೊಡ್ಡಕ್ಕ ಮೊದಲ ಪೆಟ್ಟಿಗೆಯ ಬಾಗಿಲೆಳೆದಾಗ ಪುಟ್ಟಿ ಅವರ ಹಿಂದೆ ನಿಂತಿದ್ದಳು. ತಾಯಿ ಮೊಲ ಏಳಲಿಲ್ಲ. ಚಪ್ಪಟೆ ಮಲಗಿದ್ದಲ್ಲೇ ಕಿವಿ ಆಡಿಸಿತು. ಕೊನೆಗೆ ಅದು ಎದ್ದು, ಮೈ ಮುರಿದು, ಬಾಗಿಲ ಬಳಿ ಬಂದು ಮೂಸಿ, ಮತ್ತೆ ಮೂಸಿ, ಒಳಗೆ ಹೋಯಿತು. ಹೊರಗೆ ಬಂದಾಗ ದೊಡ್ಡಕ್ಕ ತುಪ್ಪಳ ಸರಿಸಿದರು. ಹತ್ತು ಮರಿಗಳಲ್ಲಿ ಎಂಟರ ಹೊಟ್ಟೆ ಬೆಳ್ಳಗಿತ್ತು. ಎರಡರದ್ದು ಸುಕ್ಕಾಗಿಯೇ ಇತ್ತು. ಹಸಿದ ಆ ಎರಡರಲ್ಲಿ ಒಂದು ಪುಟ್ಟಿಯ ಶೆಡ್ಡಿನದು. ಇನ್ನೊಂದು ದೊಡ್ಡಕ್ಕನದು.

ಎಲ್ಲ ಸುಸೂತ್ರವಾಗಿ ಮುಗಿಯಿತು ಎನ್ನುವಂತಿಲ್ಲ. ಹೊರೆ ಹೆಚ್ಚಾಗಿ ಎರಡನೇ ಶೆಡ್ಡಿನ ಕೆಲವು ತಾಯಂದಿರೂ ಬಡಕಲಾದವು. ದೊಡ್ಡಕ್ಕನ ಸ್ವಂತ ಮರಿಗಳಲ್ಲಿ ಹಲವು ಹೋದವು. ಆ ಒಂದೊಂದನ್ನೂ ಎತ್ತಿ ಹೊರಗಿಡುವಾಗ ಅವರಿಗೆ ತಂಗಿಯ ಮೇಲೆ ಮತ್ತೆ ಸಿಟ್ಟು ಬರುತ್ತಿತ್ತು. ಆದರೆ ಹೊಸ ಟ್ರಾನ್ಸ್‌ಫಾರ್ಮರ್ ಬಂದು ಫ್ಯಾನು ತಿರುಗುವ ಹೊತ್ತಿಗೆ, ಹಸಿದು ಬಿದ್ದಿದ್ದ ಮರಿಗಳಲ್ಲಿ ಮುಕ್ಕಾಲು ಪಾಲು ಕಣ್ಣು ಬಿಟ್ಟು ಪೆಟ್ಟಿಗೆಯಂಚಿಗೆ ಹತ್ತುತ್ತಿದ್ದವು. ಎರಡನೇ ಶೆಡ್ಡಿನ ತಾಯಂದಿರು ಮೇವಿಗೆ ಮರಳಿದವು. ಮುಂದಿನ ಸೂಲಿಗೆ ಅವು ಹಾಕಿದ್ದು ಎಂಟು, ಎಂಟು, ಏಳು, ಎಂಟು.

"ಡಾಕ್ಟರಮ್ಮ ಹೇಳಿದ್ದು ನಿಜ ಆಯ್ತು," ಎನ್ನುತ್ತಾರೆ ದೊಡ್ಡಕ್ಕ. "ನಂಗೆ ನಂಬಿಕೆ ಇರ್ಲಿಲ್ಲ. ಈಗ ನನ್ನ ಮೊಲಗಳ ಮೇಲೇ ನಂಗೆ ಹೊಟ್ಟೆಕಿಚ್ಚು. ಅಷ್ಟು ಸೆಖೆಯಾದ್ರೂ ಅಲ್ಲಾಡ್ಲಿಲ್ಲ ಅವು. ನಾನು ಒಂದು ಫೋಟೋಗೆ ಇಷ್ಟು ವರ್ಷ ಅಲ್ಲಾಡ್ದೆ."

ಪ್ರಪಂಚಕ್ಕೆ ಬುದ್ಧಿ ಬಂತೇ ಎಂದರೆ, ಹಾಗೇನಿಲ್ಲ. ಮೊದಲನೇ ಶೆಡ್ಡು ಚೇತರಿಸಿಕೊಂಡ ಸುದ್ದಿ ಹರಡಿ ನೋಡಲು ಜನ ಬಂದರು. ಬಂದವರು ಮತ್ತೆ ಮೊದಲನೇ ಶೆಡ್ಡಿಗೇ ಹೋದರು. ಪುಟ್ಟಿ ಪ್ರತಿಯೊಬ್ಬರಿಗೂ "ನಮ್ಮಕ್ಕನ ಶೆಡ್ಡು ನೋಡಿ," ಎಂದು ಕೈ ತೋರಿಸುತ್ತಾಳೆ. ಕೆಲವರು ಬಾಗಿಲಿಂದ ಇಣುಕುತ್ತಾರೆ. ಒಂದೇ ಸಮ ಎಂಟು ಮರಿಗಳ ಪೆಟ್ಟಿಗೆಗಳಲ್ಲಿ ನೋಡುವಂಥದ್ದು ಅವರಿಗೆ ಏನೂ ಸಿಗುವುದಿಲ್ಲ. ತಂಗಿ ಕೈ ತೋರಿಸಿ ಕಳಿಸಿದವರು ಎಂದು ಗೊತ್ತಾದರೆ ದೊಡ್ಡಕ್ಕನ ಮುಖ ಇನ್ನಷ್ಟು ಊದುತ್ತದೆ. ಮುಂಜಾನೆ ಒಟ್ಟಿಗೆ ಬರುತ್ತೀರಾ ಎಂದು ಕೇಳಿದರೆ, "ಒಂದೊಂದು ದಿನ," ಎನ್ನುತ್ತಾರೆ.

ಈ ತಿಂಗಳು ಹೊಸ ಕೆಲಸ ಶುರುವಾಗಿದೆ. ಎರಡನೇ ಶೆಡ್ಡಿನ ಗಂಡುಗಳನ್ನು ಮೊದಲನೇ ಶೆಡ್ಡಿನ ಹೆಣ್ಣುಗಳಿಗೆ ಕೂಡಿಸಿ, ಹೆಚ್ಚು ಮರಿಯೂ ಹಾಕುವ, ಸೆಖೆಗೂ ಜಗ್ಗದ ತಳಿಯೊಂದನ್ನು ಬೆಳೆಸುವುದು ಡಾಕ್ಟರಮ್ಮನ ಯೋಚನೆ. ಹುಟ್ಟುವ ಮರಿಗಳು ಪುಟ್ಟಿಯ ಶೆಡ್ಡಿನಲ್ಲೇ ಬೆಳೆಯುತ್ತವೆ. ಕೊಡಬೇಕಾದದ್ದು ಆರು ಗಂಡು. ಯಾವ ಆರು ಎಂಬುದನ್ನು ದೊಡ್ಡಕ್ಕನಿಗೇ ಬಿಟ್ಟಿದ್ದಾರೆ. ಎಲ್ಲಕ್ಕಿಂತ ಉತ್ತಮವಾದವನ್ನು ತನ್ನ ಶೆಡ್ಡಿಗೆ ಉಳಿಸಿಕೊಂಡು ಅವುಗಳ ಕೆಳಗಿನ ಆರನ್ನು ಕೊಟ್ಟರೂ ಕೇಳುವವರಿಲ್ಲ.

ಬೆಳಗಿನ ಕೆಲಸ ಮುಗಿಸಿ ದೊಡ್ಡಕ್ಕ ಗಂಡುಗಳ ಸಾಲಿಗೆ ಬರುತ್ತಾರೆ. ಒಂದೊಂದರ ಕಿವಿ ಮಡಚಿ ಅಂಕಿ ನೋಡುತ್ತಾರೆ, ಬೆನ್ನು ಸವರುತ್ತಾರೆ, ಮತ್ತೆ ಒಳಗೆ ಬಿಡುತ್ತಾರೆ. ಬೂದು ಬಣ್ಣದ ಒಂದು ಗಂಡಿನ ಮುಂದೆ ತುಂಬಾ ಹೊತ್ತು ನಿಲ್ಲುತ್ತಾರೆ. ಅದರ ತಾಯಿ ಆರು ಸೂಲಿನಲ್ಲಿ ಒಮ್ಮೆಯೂ ಎಂಟು ಬಿಟ್ಟು ಬೇರೆ ಹಾಕಿದವಳಲ್ಲ. ಬೇಸಿಗೆಯಲ್ಲಿ ಪುಟ್ಟಿಯ ಎರಡು ಮರಿಗಳನ್ನೂ ಸಾಕಿ ಒಂದನ್ನೂ ಸಾಯಗೊಡದವಳು. ಬುಟ್ಟಿ ಹಿಡಿದು ಕಾಯುತ್ತಿರುವ ಪುಟ್ಟಿ ಹೇಳುತ್ತಾಳೆ, "ಅದು ಬೇಡ ಬಿ‌ಡಕ್ಕ, ನಿನಗೇ ಇರ್ಲಿ. ಬೇರೆ ಯಾವ್ದಾದ್ರೂ ಕೊಡು."

"ನೀನು ದೊಡ್ಡ ಮನಸ್ಸು ಮಾಡಬೇಡ, ನಂಗೆ ಆಗಿಬರಲ್ಲ," ಎನ್ನುತ್ತಾರೆ ದೊಡ್ಡಕ್ಕ. ಒಂದು ಕೈ ಕತ್ತಿಗೆ, ಒಂದು ಕೈ ಕೆಳಗೆ ಹಾಕಿ ಮೊಲವನ್ನು ಎತ್ತಿ ತಂಗಿಯ ಬುಟ್ಟಿಗೆ ಇಳಿಸುತ್ತಾರೆ. "ಕೆಟ್ಟದ್ದು ಕೊಟ್ಟು, ನಾಳೆ ಅಲ್ಲಿ ಮರಿ ಸತ್ರೆ ನನ್ನ ಶೆಡ್ಡಿನ ಹೆಸರು ಹೋಗುತ್ತೆ. ತಗೊಂಡು ಹೋಗು. ಮಧ್ಯಾಹ್ನದ ಬಿಸಿಲಲ್ಲಿ ಹೆಣ್ಣನ್ನ ಇದರ ಹತ್ರ ಬಿಡ್ಬೇಡ."

ಪುಟ್ಟಿ ಅಂಗಳ ದಾಟುವವರೆಗೂ ಅವರು ಬಾಗಿಲಲ್ಲಿ ನಿಂತು ನೋಡುತ್ತಾರೆ, ಈ ಸಲ ನೆಟ್ಟಗೆ. ಖಾಲಿಯಾದ ಗೂಡಿನ ತಟ್ಟೆ ಎಳೆದು ಕೆರೆಯತೊಡಗುತ್ತಾರೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಕೆರೆಯುವ ಕೈ ನಿಲ್ಲಿಸದೆಯೇ ಹೇಳುತ್ತಾರೆ:

"ಮುಂದೆ ಆ ಶೆಡ್ಡಲ್ಲಿ ಒಳ್ಳೊಳ್ಳೆ ಮರಿ ಹುಟ್ತಾವೆ. ಜನ ಬರ್ತಾರೆ, ಅವಳ ಕೈಗೆ ಬುಟ್ಟಿ ಕೊಟ್ಟು ಫೋಟೋ ತೆಗೀತಾರೆ. ತೆಗೀಲಿ. ಇವುಗಳ ಅಪ್ಪ ಎಲ್ಲಿಂದ ಬಂತು ಅಂತ ಯಾರಾದ್ರೂ ಒಬ್ರು ಕೇಳಿದ್ರೆ ಸಾಕು. ಪುಟ್ಟಿ ಹೇಳ್ತಾಳೆ. ಅವಳು ಸುಳ್ಳು ಹೇಳೋಳಲ್ಲ."